ಪಾಲಿನ ಕೋಳಿಯ ರೆಕ್ಕೆ

ನಾನು ಬಸ್ ಕಂಡಕ್ಟರ್. ಕೊಪ್ಪಳದಿಂದ ಯಲಬುರ್ಗಾ ಮೇಲೆ ಕುಷ್ಟಗಿಗೆ ಹೋಗಿ ಬರುವ ಬಸ್ಸಿನಲ್ಲಿ ನಿಂತೇ ಅರ್ಧ ಆಯುಷ್ಯ ಕಳೆದಿದ್ದೇನೆ. ಜಗಳಕ್ಕೆ ಹೆದರಿದವಳಲ್ಲ, ಕುಡಿದು ಹತ್ತಿದವನನ್ನು ರಟ್ಟೆ ಹಿಡಿದು ಇಳಿಸಿದವಳು. ಅಂಥ ನಾನು ಹೋದ ಬೇಸಿಗೆಯಲ್ಲಿ ನನ್ನ ಎರಡು ಕೈಗಳಿಗೇ ಹೆದರಿದೆ. ಆಸ್ಪತ್ರೆಯ ಮಂಚದ ಮೇಲೆ ಅವನ್ನು ಮೈಗೆ ತಾಗದಂತೆ ದೂರ ಚಾಚಿಕೊಂಡು ಮಲಗುತ್ತಿದ್ದೆ. ಹಕ್ಕಿಜ್ವರ ಬಂದು ಬದುಕಿದವಳು ಎಂದು ಜನ ಈಗ ನನ್ನನ್ನು ತೋರಿಸುತ್ತಾರೆ. ಯಾರಾದರೂ ಹೀಗೆಯೇ ಗಾಜಿನ ಬಾಗಿಲ ಹಿಂದೆ ಒಬ್ಬರೇ ಮಲಗಿ ಏನೇನೋ ಯೋಚಿಸುತ್ತಿದ್ದರೆ, ಹುಲಿಗೆಮ್ಮ ಎಂಬವಳೂ ಅದನ್ನೆಲ್ಲ ಯೋಚಿಸಿದ್ದಳು ಎಂದು ತಿಳಿಯಲಿ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಗಿಣಿಗೇರಾದಲ್ಲಿ. ಯಜಮಾನರು ಅಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾರೆ. ಮಾಳಿಗೆ ಮೇಲಿನ ಬಾಡಿಗೆ ಮನೆ, ಒಣಗಲು ಹಾಕಿದ ಬಿಳಿ ಬಟ್ಟೆ ಸಂಜೆಯೊಳಗೆ ಕಪ್ಪಾಗುತ್ತದೆ. ಅಂಗಳವಿಲ್ಲದ ಮನೆಯಲ್ಲಿ ಕೋಳಿ ಸಾಕುವುದೆಲ್ಲಿ? ನನಗೋ ಚಿಕ್ಕಂದಿನಿಂದ ಜವಾರಿ ಕೋಳಿ ಎಂದರೆ ಜೀವ. ಹಾಗಾಗಿ ಯಲಬುರ್ಗಾ ದಾಟಿದ ಮೇಲೆ ಬರುವ ಒಂದು ಹಳ್ಳಿಯ ನಿಂಗಕ್ಕನಿಗೆ ನನ್ನ ಕೋಳಿಗಳನ್ನು ಪಾಲಿಗೆ ಕೊಟ್ಟಿದ್ದೆ. ಆ ಊರಿನ ಹೆಸರು ಬರೆಯುವುದಿಲ್ಲ. ನನ್ನ ದೆಸೆಯಿಂದ ಅವರು ಅನುಭವಿಸಿದ್ದೇ ಸಾಕು.

ಪಾಲೆಂದರೆ ಇಷ್ಟೇ. ಕೋಳಿ ನನ್ನದು, ಅಂಗಳ ಅವಳದು. ಕಾಳು ಹಾಕುವುದು, ನಾಯಿ ಬೆಕ್ಕಿನಿಂದ ಕಾಯುವುದು ಅವಳ ಕೆಲಸ. ಮರಿಯಾದರೆ ಅರ್ಧ ಅವಳಿಗೆ, ಅರ್ಧ ನನಗೆ. ಇದಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ, ಇರುವುದು ಒಂದೇ ಕಟ್ಟಳೆ. ಪಾಲಿನ ಕೋಳಿ ಸತ್ತರೆ ಸಾಕಿದವಳು ಅದರ ರೆಕ್ಕೆ ಕೊಯ್ದಿಟ್ಟು ತೋರಿಸಬೇಕು. ಕುರಿಯಾದರೆ ಕಿವಿ, ಕೋಳಿಯಾದರೆ ರೆಕ್ಕೆ. ತೋರಿಸದಿದ್ದರೆ ಮಾರಿಕೊಂಡಳು, ಇಲ್ಲವೇ ಸಾರು ಮಾಡಿಕೊಂಡು ಉಂಡಳು ಎಂದು ಅರ್ಥ. ನೋಡಿದ ಮೇಲೆ ಆ ರೆಕ್ಕೆಯನ್ನು ಕೋಳಿಯ ಒಡತಿಯೇ ಎಸೆಯಬೇಕು. ಅದನ್ನೇ ಮತ್ತೊಮ್ಮೆ ತೋರಿಸಬಾರದಲ್ಲ! ನಮ್ಮ ಹಿರಿಯರು ನಂಬುತ್ತಿದ್ದರು, ಆದರೆ ನಂಬಿಕೆಗೂ ಒಂದು ಗೂಟ ಬಡಿದೇ ನಂಬುತ್ತಿದ್ದರು.

ಆ ಬೇಸಿಗೆಯಲ್ಲಿ ಯಾವುದೋ ಫಾರ್ಮಿನ ಕೋಳಿಗಳು ರಾಶಿ ರಾಶಿಯಾಗಿ ಸತ್ತವೆಂದು ಸುದ್ದಿ ಬಂತು. ಸಂತೆಗಳಲ್ಲಿ ಜೀವಂತ ಕೋಳಿ ಮಾರಬಾರದೆಂದು ಮೈಕಿನಲ್ಲಿ ಕೂಗಿಕೊಂಡು ಹೋದರು. ನಮ್ಮ ಮನೆಯ ಕೆಳಗಿನ ಚಿಕನ್ ಅಂಗಡಿಯವನು ಶಟರ್ ಎಳೆದ. ಬಸ್ಸಿನಲ್ಲಿ ಕೋಳಿ ಹತ್ತಿಸಬೇಡಿರೆಂದು ನಮಗೂ ಹೇಳಿದರು. ನಾನು ಮೊದಲೇ ಶಿಸ್ತಿನವಳು. ಚೀಲದಲ್ಲಿ ಕೋಳಿ ಇದ್ದವರು ಇಳಿಯಿರಿ ಎಂದು ಕೂಗಿದರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಒಬ್ಬರಲ್ಲ ಒಬ್ಬರು ಸೀಟಿನ ಕೆಳಗೆ ಕಾಲಾಡಿಸುತ್ತಿದ್ದರು. ಅಂಥವರನ್ನು ಇಳಿಸಿದ್ದೇನೆ. ಬೈಸಿಕೊಂಡಿದ್ದೇನೆ. ಒಂದು ಕೋಳಿಯನ್ನೂ ಬಸ್ಸಿಗೆ ಬಿಟ್ಟುಕೊಂಡಿಲ್ಲವೆಂದು ಹೆಮ್ಮೆಪಟ್ಟಿದ್ದೇನೆ.

ಗಂಗಾವತಿಗೆ ಕೊಟ್ಟ ನನ್ನ ಮಗಳು ಪವಿತ್ರಾಳ ಕುಬಸದ ದಿನವದು. ಚೊಚ್ಚಲ ಬಸುರಿ, ಏಳು ತುಂಬಿತ್ತು. ಬೆಳಗಿನ ಒಂದು ಟ್ರಿಪ್ ಮುಗಿಸಿ ರಜೆ ಹಾಕಿ ನೇರ ಗಂಗಾವತಿಗೆ ಹೋಗುವುದೆಂದು ಗೊತ್ತು ಮಾಡಿಕೊಂಡಿದ್ದೆ. ಹಸಿರು ಸೀರೆ, ಬಳೆ, ಉಡಿ ತುಂಬುವ ಸಾಮಾನು ಎಲ್ಲ ಬುಟ್ಟಿಯಲ್ಲಿ ಕಟ್ಟಿ ಡ್ರೈವರ್ ಹಿಂದೆ ಇಟ್ಟಿದ್ದೆ. ಕುಷ್ಟಗಿಯಿಂದ ತಿರುಗಿ ಬರುವಾಗ ನಿಂಗಕ್ಕ ತನ್ನೂರಿನ ಸ್ಟಾಪಿನಲ್ಲಿ ಕೈ ಅಡ್ಡ ಹಿಡಿದು ಬಸ್ ನಿಲ್ಲಿಸಿದಳು. ಹಳೆ ಸೀರೆಯ ಚೂರಿನ ಗಂಟೊಂದನ್ನು ಕಿಟಕಿಯಿಂದ ನನ್ನ ತೊಡೆಯ ಮೇಲಿಟ್ಟು ಬಿಚ್ಚಿದಳು. ಒಳಗೆ ರೆಕ್ಕೆಗಳು. ನನ್ನ ಚುಕ್ಕಿ ಹೇಂಟೆಯ ರೆಕ್ಕೆಯೂ ಇತ್ತು. ಬುಡದ ಹಸಿ ಇನ್ನೂ ಆರಿರಲಿಲ್ಲ.

"ಬಿಸಲಿಗೆ ಹೋದುವು ನೋಡವ್ವ. ಇವು ನಿನ್ನವು, ಇವು ನನ್ನವು. ನನ್ನವೂ ತಂದೀನಿ, ನಿನ್ನವಷ್ಟ ಸತ್ತಾವಂತ ಅನಬ್ಯಾಡ," ಎಂದಳು ನಿಂಗಕ್ಕ.

ಅವಳದು ಅಂಥ ಪ್ರಾಮಾಣಿಕತೆ. ನಾನು ಚುಕ್ಕಿಯ ರೆಕ್ಕೆ ಎತ್ತಿ ಬೀಸಣಿಗೆಯ ಹಾಗೆ ಬಿಡಿಸಿ ನೋಡಿದೆ. ನಿನ್ನ ಮೇಲೆ ನನಗೇನು ಅನುಮಾನವೇ ಅಕ್ಕ ಎಂದೆ, ಆದರೂ ಎಲ್ಲವನ್ನೂ ತಿರುವಿ ನೋಡಿದೆ. ಬೇಸಿಗೆ ಬಂದರೆ ಪ್ರತಿ ವರ್ಷ ನಾಲ್ಕಾರು ಸಾಯುವುದು ಇದ್ದದ್ದೇ. ಹಕ್ಕಿಜ್ವರವೆಂಬುದು ಫಾರ್ಮಿನ ಬಿಳಿ ಕೋಳಿಗಳ ರೋಗ, ತಿಪ್ಪೆ ಕೆದರಿ ಬೆಳೆದ ನಮ್ಮ ಜವಾರಿ ಕೋಳಿಗೆ ಏನಾದೀತು ಎಂದು ನಾನಷ್ಟೇ ಅಲ್ಲ, ಆ ಬಸ್ಸಿನಲ್ಲಿದ್ದ ಎಲ್ಲರೂ ತಿಳಿದಿದ್ದರು. ಡ್ರೈವರ್ ಹಾರ್ನ್ ಹೊಡೆದ. ಮುಂದಿನ ಹಳ್ಳದವರೆಗೆ ಗಂಟು ತೊಡೆಯ ಮೇಲೇ ಇತ್ತು. ಸೇತುವೆ ಬಂದಾಗ ಕಿಟಕಿಯಿಂದ ರೆಕ್ಕೆಗಳನ್ನು ಕೊಡವಿ ಎಸೆದೆ. ಗಾಳಿಗೆ ಸಣ್ಣ ಪುಕ್ಕಗಳು ತಿರುಗಿ ಬಂದು ಮುಖಕ್ಕೆ ಹತ್ತಿದವು. ಥೂ ಎಂದು ಉಗಿದು, ಕೈಯಿಂದಲೇ ಬಾಯಿ ಒರೆಸಿಕೊಂಡು, ಟಿಕೆಟ್ ಟಿಕೆಟ್ ಎಂದು ಎದ್ದೆ.

ಮಧ್ಯಾಹ್ನ ಗಂಗಾವತಿಯಲ್ಲಿ ಪವಿತ್ರಾ ಹಸಿರುಟ್ಟು ಮಣೆಯ ಮೇಲೆ ಕೂತಿದ್ದಳು. ಮೊದಲ ತುತ್ತು ತಾಯಿಯದು ಎಂದು ಹೆಂಗಸರೆಲ್ಲ ಕೂಗಿದರು. ಗೋದಿ ಬೆಲ್ಲದ ಮಾದಲಿಗೆ ಹಾಲು ತುಪ್ಪ ಹಾಕಿ, ಬೆರಳುಗಳಿಂದ ಚೆನ್ನಾಗಿ ಕಲಸಿ, ಉಂಡೆ ಮಾಡಿ ಅವಳ ಬಾಯಿಗಿಟ್ಟೆ. ತುಪ್ಪ ಗಲ್ಲಕ್ಕೆ ಇಳಿಯಿತು. ಹೆಬ್ಬೆರಳಿನಿಂದ ಒರೆಸಿ ಅದನ್ನೂ ಅವಳ ಬಾಯಿಗೇ ಇಟ್ಟೆ. ಎಲ್ಲರೂ ನಕ್ಕರು.

ಊರಿಗೆ ಬಂದು ವಾರವೂ ಆಗಿರಲಿಲ್ಲ, ಜ್ವರ ಹತ್ತಿತು. ಬಿಸಿಲಿನ ಜ್ವರವೆಂದು ಇಂಜೆಕ್ಷನ್ ಮಾಡಿಸಿಕೊಂಡು ಡ್ಯೂಟಿಗೆ ಹೋದೆ. ಮರುದಿನ ಮೈಯೆಲ್ಲ ಒನಕೆಯಿಂದ ಕುಟ್ಟಿದಂತಾಯಿತು. ಅದರ ಮರುದಿನ ಮಾಳಿಗೆಯ ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ಕುಳಿತೆ, ಉಸಿರು ಒಳಗೆ ಹೋಗಲೊಲ್ಲದು. ಯಜಮಾನರು ಆಟೋದಲ್ಲಿ ಕೊಪ್ಪಳದ ದೊಡ್ಡ ಆಸ್ಪತ್ರೆಗೆ ಕರೆತಂದರು. ಹೊರಗಿನ ಬೆಂಚಿನ ಮೇಲೆ ಜನ ತುಂಬಿದ್ದರು. ನಾನು ಕೆಮ್ಮಿದ ಹಾಗೆಲ್ಲ ಬೆಂಚು ಸ್ವಲ್ಪ ಸ್ವಲ್ಪ ಖಾಲಿಯಾಯಿತು. ಕೊನೆಗೆ ಉದ್ದ ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು. ಬಸ್ಸಿನಲ್ಲಿ ಇಷ್ಟು ಸುಲಭವಾಗಿ ಸೀಟು ಸಿಕ್ಕಿದ್ದರೆ ಎಂದು ಯಜಮಾನರಿಗೆ ಹೇಳಬೇಕೆಂದುಕೊಂಡೆ. ಹೇಳಲು ಉಸಿರಿರಲಿಲ್ಲ.

ಆಗ ಉಸಿರಾಟದ ತೊಂದರೆಯೆಂದು ಬಂದವರನ್ನೆಲ್ಲ ಕೆಲವು ಪ್ರಶ್ನೆ ಕೇಳುತ್ತಿದ್ದರು. ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಮುಖ ಮುಚ್ಚಿತ್ತು, ಕಣ್ಣು ಮಾತ್ರ ಕಾಣುತ್ತಿತ್ತು. ಮನೆಯಲ್ಲಿ ಕೋಳಿ ಇವೆಯೇ, ಕೋಳಿ ಸಂತೆಗೆ ಹೋಗಿದ್ದಿರಾ, ಫಾರ್ಮಿಗೆ ಹೋಗಿದ್ದಿರಾ, ರೋಗದ ಕೋಳಿ ಮುಟ್ಟಿದ್ದಿರಾ, ಕೋಳಿ ಕೊಯ್ದಿದ್ದಿರಾ. ಎಲ್ಲಕ್ಕೂ ಇಲ್ಲ ಎಂದೆ. ಪ್ರಮಾಣ ಮಾಡಿ ಹೇಳುತ್ತೇನೆ, ಒಂದನ್ನೂ ಮುಚ್ಚಿಡಲಿಲ್ಲ. ಮನೆಯಲ್ಲಿ ಕೋಳಿ ಇರಲಿಲ್ಲ. ಪಾಲಿಗೆ ಕೊಟ್ಟ ಕೋಳಿ ಹಂಚಿಕೆಯಾಗುವವರೆಗೆ ಸಾಕಿದವರ ಅಂಗಳದ್ದು, ಅದನ್ನು ಯಾರೂ ತಮ್ಮ ಮನೆಯ ಕೋಳಿ ಎನ್ನುವುದಿಲ್ಲ. ರೆಕ್ಕೆ ನೋಡುವುದಂತೂ ಕೋಳಿ ಮುಟ್ಟಿದಂತೆ ಎಂದು ನಮ್ಮ ಕಡೆಯ ಯಾರ ತಲೆಗೂ ಹೊಳೆಯುವುದಿಲ್ಲ. ಅದು ನಂಬಿಕೆಯ ಕೆಲಸ.

ಗಾಜಿನ ಬಾಗಿಲಿನ ಕೋಣೆಗೆ ಹಾಕಿದರು. ಮೂಗಿನಲ್ಲಿ, ಗಂಟಲಿನಲ್ಲಿ ಕಡ್ಡಿಯಾಡಿಸಿ, ಅದನ್ನು ಪರೀಕ್ಷೆಗೆಂದು ಪುಣೆಯ ಲ್ಯಾಬಿಗೆ ಕಳಿಸಿದರು. ಮುಖದ ಮೇಲೆ ಆಕ್ಸಿಜನ್ನಿನ ಮಾಸ್ಕ್. ಅದರ ಸದ್ದು ಏರು ಹತ್ತುವ ಹಳೆ ಬಸ್ಸಿನದು. ಬಂದವರೆಲ್ಲ ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡೇ ಬರುತ್ತಿದ್ದರು, ಯಾರು ಯಾರೆಂದು ಗುರುತೇ ಹತ್ತುತ್ತಿರಲಿಲ್ಲ. ಸಾಯುವಾಗಲೂ ಪರಿಚಯದ ಮುಖ ಕಾಣಲಿಕ್ಕಿಲ್ಲ ಎಂಬುದು ನನಗೆ ಮೊದಲು ಹತ್ತಿದ ಹೆದರಿಕೆ.

ಫಲಿತಾಂಶ ಬಂದ ದಿನ ಡಾಕ್ಟರಮ್ಮ ಮಂಚದ ಬಳಿ ಬಂದು, ಹೇಳುವ ಮೊದಲು ಚಾದರದ ಮೇಲಿಂದ ನನ್ನ ಪಾದ ಹಿಡಿದುಕೊಂಡರು. ಕೈಗೆ ಎರಡೆರಡು ಗ್ಲೌಸ್ ಇದ್ದವು, ಆದರೂ ಬೆಚ್ಚಗನಿಸಿತು. ಆ ಕೋಣೆಯಲ್ಲಿ ನನ್ನನ್ನು ಕೆಲಸವಿಲ್ಲದೆ ಮುಟ್ಟಿದವರು ಅವರೊಬ್ಬರೇ. ಹಕ್ಕಿಜ್ವರ ಎಂದರು. ಔಷಧ ಆಗಲೇ ಶುರುವಾಗಿದೆ, ಹೆದರಬೇಡಿ ಎಂದರು. ಹೆದರಬೇಡಿ ಎಂದು ಯಾರಾದರೂ ಅಂದರೆ ನಾನು ಮೊದಲಿನಿಂದಲೂ ಹೆದರುತ್ತೇನೆ.

ಆಮೇಲೆ ಹುಡುಕಾಟ ಶುರುವಾಯಿತು. ಎಲ್ಲಿಂದ ಬಂತು, ಯಾರಿಗೆ ಹೋಯಿತು. ಕಿವಿಗೆ ಫೋನ್ ಹಿಡಿಸಿ ಅವೇ ಪ್ರಶ್ನೆಗಳನ್ನು ತಿರುಗಿಸಿ ಕೇಳಿದರು, ನಾನು ಅವೇ ಉತ್ತರ ಕೊಟ್ಟೆ. ಬಸ್ಸಿನಲ್ಲಿ ಯಾರ್ಯಾರಿದ್ದರು ಎಂದರೆ ಏನು ಹೇಳಲಿ? ಹೆಂಗಸರಿಗೆ ಪುಕ್ಕಟೆ ಪ್ರಯಾಣ, ಆಧಾರ್ ಕಾರ್ಡ್ ತೋರಿಸಿ ಹತ್ತುತ್ತಾರೆ, ಇಳಿದು ಹೊಲಕ್ಕೆ ಹೋಗುತ್ತಾರೆ. ಮುಖ ನೆನಪಿದೆ, ಹೆಸರಿಲ್ಲ. ನಮ್ಮ ಕೆಳಗಿನ ಚಿಕನ್ ಅಂಗಡಿಗೆ ಬಂದು ಔಷಧ ಹೊಡೆದು ಸೀಲ್ ಹಾಕಿದರಂತೆ. ಪಾಪ, ಅವನು ನನ್ನ ಕಾಯಿಲೆಗೆ ವಾರಗಟ್ಟಲೆ ಮೊದಲೇ ಶಟರ್ ಎಳೆದವನು. ಡ್ರೈವರ್, ಯಜಮಾನರು, ಬೀಗರ ಮನೆಯವರು, ಎಲ್ಲರಿಗೂ ಮಾತ್ರೆ ಕೊಟ್ಟು ಮನೆಯಲ್ಲಿರಿ ಎಂದರು.

ಅಷ್ಟರಲ್ಲಿ ಪವಿತ್ರಾಳಿಗೆ ಜ್ವರ ಬಂತು.

ಇದನ್ನು ನನಗೆ ಹೇಳಬಾರದೆಂದಿದ್ದರು. ಯಜಮಾನರು ದಿನಾ ಗಾಜಿನ ಆಚೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಮದುವೆಯಾದಾಗಿನಿಂದ ಬಂದಿಲ್ಲ. ಪವಿತ್ರಾ ಹೇಗಿದ್ದಾಳೆ ಎಂದರೆ ಗಾಜಿನ ಮೇಲಿನ ಕಲೆಯನ್ನು ತೋಳಿನಿಂದ ಒರೆಸತೊಡಗಿದರು. ನನಗೆ ಗೊತ್ತಾಯಿತು. ಬಸುರಿಗೆ ಈ ಜ್ವರ ಬಂದರೆ ಏನಾಗುತ್ತದೆ ಎಂದು ಡಾಕ್ಟರಮ್ಮನನ್ನು ಕೇಳಿದೆ. ಇನ್ನೂ ಪರೀಕ್ಷೆ ಮಾಡಬೇಕು, ಇದು ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ಹತ್ತುವುದಿಲ್ಲ ಎಂದರು. ಸುಲಭವಾಗಿ ಎಂಬ ಒಂದು ಮಾತನ್ನು ಹಿಡಿದುಕೊಂಡು ಅವತ್ತೆಲ್ಲ ಮಲಗಿದ್ದೆ. ಕುಬಸದ ದಿನ ನನಗೆ ಕೆಮ್ಮೂ ಬಂದಿರಲಿಲ್ಲ, ಜ್ವರವೂ ಇರಲಿಲ್ಲ, ನನ್ನ ಉಸಿರಿನಿಂದ ಹೇಗೆ ಹೋದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮರುದಿನ ಯಜಮಾನರು ಗಾಜಿನ ಆಚೆ ನಿಂತು, ಏನಾದರೂ ಹಗುರಾದ ಮಾತಾಡಬೇಕೆಂದು, ನಿಂಗಕ್ಕ ಫೋನ್ ಮಾಡಿದ್ದಳು ಎಂದರು. ನನ್ನ ಫೋನ್ ಹತ್ತದ್ದಕ್ಕೆ ಅವರಿಗೆ ಮಾಡಿದ್ದಳಂತೆ.

"ಇನ್ನ ಎರಡು ಸತ್ತುವಂತ. ರೆಕ್ಕಿ ಕೊಯ್ದು ಸೂರಿಗೆ ಸಿಗಿಸಿಟ್ಟಾಳಂತ. ಹುಲಿಗೆವ್ವ ಆರಾಮಾಗಿ ಬಂದ ಮ್ಯಾಲ ತೋರಸ್ತೀನಿ, ಚಿಂತಿ ಮಾಡಬ್ಯಾಡಂತ ಹೇಳ್ರಿ ಅಂದ್ಳು."

ಮೊದಲು ಏನೂ ಅನಿಸಲಿಲ್ಲ. ಆಮೇಲೆ ಚುಕ್ಕಿಯ ರೆಕ್ಕೆಯನ್ನು ಬಿಡಿಸಿ ಹಿಡಿದ ಬೆರಳುಗಳು ಕಣ್ಣ ಮುಂದೆ ಬಂದವು. ಅವೇ ಬೆರಳು ಮಾದಲಿ ಕಲಸುತ್ತಿದ್ದವು. ಅದೇ ಹೆಬ್ಬೆರಳು ಮಗಳ ಗಲ್ಲದ ತುಪ್ಪ ಒರೆಸುತ್ತಿತ್ತು. ಉಸಿರಿನ ಮಾತೇ ಅಲ್ಲ. ನಾನು ಕೈಯಾರೆ ಉಣಿಸಿದ್ದೆ.

ಮಾಸ್ಕ್ ಕಿತ್ತು ಕೂಗಿದೆ. ನರ್ಸಮ್ಮ ಓಡಿ ಬಂದರು, ಡಾಕ್ಟರಮ್ಮ ಬಂದರು. ಪಾಲು, ರೆಕ್ಕೆ, ಹಳ್ಳ, ಪುಕ್ಕ ಎಂದು ಬಡಬಡಿಸಿದೆ. ಸನ್ನಿ ಹಿಡಿದಿದೆ ಎಂದುಕೊಂಡಿರಬೇಕು. ಮಾಸ್ಕ್ ಹಾಕಿ, ಉಸಿರು ತಹಬಂದಿಗೆ ಬಂದ ಮೇಲೆ ನಿಧಾನ ಹೇಳಿಸಿಕೊಂಡರು. ಕೇಳುತ್ತ ಕೇಳುತ್ತ ಡಾಕ್ಟರಮ್ಮನ ಕಣ್ಣು ಬದಲಾದವು. ತಕ್ಷಣ ಫೋನ್ ತೆಗೆದುಕೊಂಡು ಹೊರಗೆ ಹೋದರು.

ಅವತ್ತೇ ನಿಂಗಕ್ಕನ ಊರಿಗೆ ಗಾಡಿಗಳು ಹೋದವು. ಸೂರಿನ ಕೆಳಗೆ ರೆಕ್ಕೆಗಳು ಸಿಕ್ಕವು, ಪರೀಕ್ಷೆಯಲ್ಲಿ ಅದೇ ರೋಗವೆಂದಾಯಿತು. ಊರಿನ ಕೋಳಿಗಳನ್ನೆಲ್ಲ ಕೊಂದು ಗುಂಡಿಗೆ ಹಾಕಿದರು. ನಿಂಗಕ್ಕನನ್ನೂ ಪರೀಕ್ಷೆ ಮಾಡಿದರು, ಅವಳಿಗೇನೂ ಇರಲಿಲ್ಲ. ಕೋಳಿಗಳ ನಡುವೆಯೇ ಮಲಗೆದ್ದವಳಿಗೆ ಬರಲಿಲ್ಲ, ಕಿಟಕಿಯಿಂದ ನೋಡಿದವಳಿಗೆ ಬಂತು. ಇದಕ್ಕೆ ಕಾರಣ ಕೇಳಿದರೆ ಡಾಕ್ಟರಮ್ಮನೂ ಗೊತ್ತಿಲ್ಲವೆಂದರು.

ನನಗೆ ಉಳಿದದ್ದು ಒಂದೇ ಪ್ರಶ್ನೆ. ಮಾದಲಿ ಕಲಸುವ ಮೊದಲು ನಾನು ಕೈ ತೊಳೆದುಕೊಂಡಿದ್ದೆನೇ?

ಆ ದಿನವನ್ನು ಸ್ಟಾಪು ಸ್ಟಾಪಾಗಿ ನೆನೆಯುತ್ತ ಬಂದೆ. ಯಲಬುರ್ಗಾದಲ್ಲಿ ಚಹಾ ಕುಡಿದೆ, ತೊಳೆಯಲಿಲ್ಲ. ಕೊಪ್ಪಳದ ಬಸ್‌ಸ್ಟ್ಯಾಂಡಿನ ನಲ್ಲಿ ತಿರುವಿದೆ, ನೀರಿರಲಿಲ್ಲ. ಅಥವಾ ಅದು ಹಿಂದಿನ ದಿನವೇ? ಗಂಗಾವತಿ ಬಸ್ಸಿನಲ್ಲಿ ಬಾಟಲಿ ನೀರು ಕುಡಿದೆ. ಬೀಗರ ಮನೆಗೆ ಯಾರೇ ಹೋದರೂ ಹೊಸ್ತಿಲಲ್ಲಿ ತಂಬಿಗೆ ನೀರು ಕೊಡುತ್ತಾರೆ, ಕೈಕಾಲು ತೊಳೆದೇ ಒಳಗೆ ಹೋಗುವುದು. ಇದು ನೆನಪಾದಾಗ ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ತೊಳೆದೇ ತೊಳೆದಿರುತ್ತೇನೆ. ಆ ಮನೆಯ ಪದ್ಧತಿಯೇ ಅದು. ಕಾಲ ಮೇಲೆ ಬಿದ್ದ ತಣ್ಣನೆಯ ನೀರು ನೆನಪಿಗೆ ಬಂತು. ಕೈಯ ಮೇಲೆ ಬಿದ್ದದ್ದು ಎಷ್ಟು ಯೋಚಿಸಿದರೂ ಬರಲಿಲ್ಲ.

ಪವಿತ್ರಾಳನ್ನು ಗಂಗಾವತಿ ಆಸ್ಪತ್ರೆಯಲ್ಲಿ ಬೇರೆ ಕೋಣೆಯಲ್ಲಿಟ್ಟಿದ್ದರು. ನರ್ಸಮ್ಮ ಫೋನ್ ಹಿಡಿದು ಮಾತಾಡಿಸಿದರು. ಎಲ್ಲ ಬಿಟ್ಟು ಅದನ್ನೇ ಕೇಳಿದೆ.

"ಅವತ್ತ ನಾ ಕೈ ತೊಳಕೊಂಡಿದ್ನೇನ, ಪವಿ?"

"ಅದೆಲ್ಲ ಯಾರಿಗೆ ನೆನಪಿರ್ತೈತೆವ್ವಾ," ಎಂದಳು. ಆಮೇಲೆ, "ಕೂಸು ಒದೀತೈತಿ. ಈಗ ಒದ್ದೈತಿ ನೋಡು," ಎಂದಳು.

ನಾನು ಅಳಲಿಲ್ಲ. ಅತ್ತರೆ ಮಾಸ್ಕಿನೊಳಗೆ ಉಸಿರು ಕಟ್ಟುತ್ತದೆ. ಅವಳ ಪರೀಕ್ಷೆಯೂ ಪುಣೆಗೆ ಹೋಗಿ ಬರಬೇಕಿತ್ತು. ಆ ದಿನಗಳಲ್ಲಿ ನನ್ನ ಜ್ವರ ಇಳಿಯುತ್ತಿತ್ತಂತೆ, ರಕ್ತದಲ್ಲಿ ಆಕ್ಸಿಜನ್ ಏರುತ್ತಿತ್ತಂತೆ. ಅವರು ಖುಷಿಯಿಂದ ಹೇಳುತ್ತಿದ್ದರು, ಅದು ಯಾರದೋ ಸುದ್ದಿಯೆಂಬಂತೆ ಕೇಳುತ್ತಿದ್ದೆ. ನನ್ನನ್ನು ಒಯ್ದು ಅವಳನ್ನು ಬಿಡು ಎಂದು ಹುಲಿಗಿಯ ತಾಯಿಗೆ ಬೇಡಿಕೊಂಡೆ. ಅವಳ ಹೆಸರನ್ನೇ ಇಟ್ಟುಕೊಂಡವಳು, ಇಷ್ಟಾದರೂ ಕೇಳುವ ಹಕ್ಕಿದೆ ಎಂದು ಗದರಿಸಿಯೇ ಬೇಡಿಕೊಂಡೆ. ಊಟ ಬಂದರೆ ಚಮಚೆಯಿಂದ ಉಣ್ಣುತ್ತಿದ್ದೆ. ನನ್ನ ಬೆರಳನ್ನು ನನ್ನ ಬಾಯಿಗೇ ಒಯ್ಯಲು ಧೈರ್ಯವಾಗುತ್ತಿರಲಿಲ್ಲ.

ಪವಿತ್ರಾಳದು ಹಕ್ಕಿಜ್ವರವಲ್ಲ ಎಂದು ಬಂತು. ಸಾದಾ ಜ್ವರ. ಯಜಮಾನರು ಗಾಜಿಗೆ ಹಣೆ ಹಚ್ಚಿ ಅತ್ತರು, ಗಾಜೆಲ್ಲ ಮಂಜಾಯಿತು. ನನಗೆ ಮಾತ್ರ ಭಯ ಹೋಗಲಿಲ್ಲ. ಪರೀಕ್ಷೆ ತಪ್ಪಿರಬಹುದು, ಕೂಸಿಗೆ ಏನಾಗಿದೆಯೋ ಯಾರು ಕಂಡಿದ್ದಾರೆ ಎಂದು ಹೊಸ ಹೊಸ ದಾರಿ ಹುಡುಕಿಕೊಂಡು ಹೆದರಿದೆ. ಕಾಯಿಲೆಯವರೇ, ನಿಮಗೂ ಹೀಗೆ ಆದರೆ ಹುಚ್ಚು ಹಿಡಿಯಿತೆಂದು ತಿಳಿಯಬೇಡಿ. ಜ್ವರ ಬಿಟ್ಟ ಮೇಲೂ ಭಯ ಕೆಲವು ದಿನ ಡ್ಯೂಟಿ ಮಾಡುತ್ತದೆ.

ಮನೆಗೆ ಬಂದ ಮೇಲೆ ನಿಂಗಕ್ಕ ಫೋನ್ ಮಾಡಿದಳು. ಊರವರು ಅವಳ ಜೊತೆ ಮಾತು ಬಿಟ್ಟಿದ್ದರು. ಕೋಳಿ ಹೋದ ಸಿಟ್ಟೆಲ್ಲ ಅವಳ ಮೇಲೆ. ಆರಾಮಿದ್ದೀಯಾ ಎಂದೆ.

"ನಾ ಖರೇ ಅದೀನಿ ಅಂತ ತೋರಸಾಕ ಹೋಗಿ ನಿನ್ನ ಜೀವಕ್ಕ ತಂದಿಟ್ನೆಲ್ಲವ್ವ," ಎಂದಳು.

ನಾನೂ ನಿನ್ನ ಮಾತು ನಂಬಿ ರೆಕ್ಕೆ ಮುಟ್ಟದೆ ಗಂಟು ಸಮೇತ ಎಸೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದೆ. ಈಗ ಅವಳು ಒಮ್ಮೊಮ್ಮೆ ನನ್ನ ಬಸ್ಸಿಗೆ ಬರುತ್ತಾಳೆ. ಕೋಳಿಯ ಮಾತು ಇಬ್ಬರೂ ಎತ್ತುವುದಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ನಾನೇ ಬೇಡವೆಂದೆ. ಗಿಣಿಗೇರಾದ ಧೂಳು, ಮಾಳಿಗೆ ಮನೆ ಎಂದು ನೆಪ ಹೇಳಿದೆ. ಬೀಗರು ದೊಡ್ಡ ಮನಸ್ಸಿನಿಂದ ಒಪ್ಪಿದರು. ಗಂಗಾವತಿಯಲ್ಲೇ ಪವಿತ್ರಾ ಹೆತ್ತಳು, ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಕೇಳಿದ ಮೇಲೆ ಅಂತೂ ನನ್ನ ಎದೆಯ ಕಲ್ಲು ಸ್ವಲ್ಪ ಸರಿಯಿತು. ತೊಳೆದೇ ಉಣಿಸಿದ್ದೆ, ಸುಮ್ಮನೆ ಜೀವ ತಿಂದುಕೊಂಡೆ ಎಂದು ಮೊದಲ ಸಲ ಗಟ್ಟಿಯಾಗಿ ನಂಬಿದೆ. ಕುಂಚಿಗೆ, ಬೆಳ್ಳಿ ಕಡಗ, ಅಂಟಿನ ಉಂಡಿ ಎಲ್ಲ ಬುಟ್ಟಿಯಲ್ಲಿ ಕಟ್ಟಿಕೊಂಡು ಮೊಮ್ಮಗಳನ್ನು ನೋಡಲು ಹೊರಟೆ.

ಬೀಗತಿ ತಂಬಿಗೆ ಹಿಡಿದು ಹೊಸ್ತಿಲಲ್ಲೇ ನಿಂತಿದ್ದರು. ನಾನು ಬುಟ್ಟಿಯನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಕಾಲು ಮುಂದಿಟ್ಟೆ. ತಣ್ಣನೆಯ ನೀರು ಪಾದದ ಮೇಲೆ ಬಿತ್ತು. ಅವರು ನಕ್ಕರು.

"ಬುಟ್ಟಿ ಕೆಳಗ ಇಡ್ರಿ ಅಕ್ಕಾರ, ಕೈಗೂ ಹಾಕ್ತೀನಿ. ಕುಬಸದ ದಿನಾನೂ ಹಿಂಗ ಮಾಡಿದ್ರಿ. ಕೈ ತೊಳಕೊಳ್ಳದ, ಬುಟ್ಟಿ ಹಿಡಕೊಂಡು ಗಡಬಡಿಸಿ ಒಳಗ ಹೋಗಿಬಿಟ್ರಿ."

ಬುಟ್ಟಿ ಕೆಳಗಿಟ್ಟೆ. ಇಟ್ಟೆನೋ ಬಿತ್ತೋ ಗೊತ್ತಿಲ್ಲ. ಒಳಗಿನಿಂದ ಪವಿತ್ರಾ, ಅಜ್ಜಿ ಬಂದಳು ನೋಡು ಎಂದು ಕೂಸಿಗೆ ಹೇಳುವುದು ಕೇಳಿಸಿತು. ಕೈ ಒಡ್ಡಿದೆ. ಬೀಗತಿ ನೀರು ಹಾಕಿದರು. ತಂಬಿಗೆ ಬರಿದಾಯಿತು. ಇನ್ನೊಂದು ತಂಬಿಗೆ ತರ್ರಿ ಎಂದೆ, ತಂದರು. ಅದೂ ಬರಿದಾಯಿತು. ಒಳಗೆ ಮೊಮ್ಮಗಳು ಅಳತೊಡಗಿದಳು. ನಾನು ಹೊಸ್ತಿಲ ಹೊರಗೆ ಕೈ ಒಡ್ಡಿಕೊಂಡೇ ನಿಂತಿದ್ದೆ.